ಕೇಳಬಾರದ ಪ್ರಶ್ನೆ ಇಲ್ಲದ ಮನೆ

ಆಂಟಿಯ ಬಲಗೈ ಉಗುರುಗಳ ಸಂದಿ ಒಂದು ದಿನವಾದರೂ ಚೊಕ್ಕಟವಾಗಿದ್ದದ್ದು ನಾನು ಕಾಣೆ. ಹಣೆಯ ಮೇಲೆ ವಿಭೂತಿ ಅಚ್ಚುಕಟ್ಟು, ಸೀರೆಯ ನೆರಿಗೆ ಅಚ್ಚುಕಟ್ಟು. ಉಗುರಲ್ಲಿ ಮಾತ್ರ ಒಂದು ವಾರ ಕೆರೆಯ ಜೇಡಿಮಣ್ಣು, ಇನ್ನೊಂದು ವಾರ ಬೀಟ್‌ರೂಟಿನ ಕೆಂಪು. ಆ ಬಣ್ಣ ನೋಡಿಯೇ ಅವರ ಮನೆಯಲ್ಲಿ ಈಗ ಯಾವ ಪಾಠ ನಡೆಯುತ್ತಿದೆ ಎಂದು ಹೇಳಬಹುದಿತ್ತು. "ಮೇಷ್ಟ್ರಾಗೋಕೆ ಬಿ.ಎಡ್ ಬೇಕಂತೆ. ನಂಗೆ ನೋಡು, ಸೋಪೇ ಸಾಕಾಗ್ತಿಲ್ಲ" ಎಂದು ತಾವೇ ನಗುತ್ತಿದ್ದರು.

ತೊಂಬತ್ತರ ದಶಕದ ಮಾತು. ತುಮಕೂರಿನ ಬಟವಾಡಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ನಾವು, ನಮ್ಮ ಅಬ್ಬಾ ಹತ್ತಿ ಹಾಸಿಗೆ ಹೊಲಿದು ಮಾರುತ್ತಿದ್ದರು. ಇನ್ನೊಂದರಲ್ಲಿ ಆಂಟಿ, ಅವರ ಯಜಮಾನರು, ನನ್ನದೇ ವಯಸ್ಸಿನ ಅವರ ಒಬ್ಬನೇ ಮಗ. ಅವನಿಗೆ ಮೈಯ ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಸೋಲುವ ಕಾಯಿಲೆ. ಮೂರನೇ ಕ್ಲಾಸು ಮಹಡಿ ಮೇಲಿತ್ತು. ದಿನಾ ಅವನನ್ನು ಎತ್ತಿಕೊಂಡು ಹತ್ತುವವರು ಯಾರು ಎಂದು ಶಾಲೆಯವರು ಕೈಚೆಲ್ಲಿದರು. ಆಂಟಿ ಅವತ್ತೇ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ಬಂದರು, ಮತ್ತೆ ಕಳಿಸಲಿಲ್ಲ. ನಾನೋ, ಲೆಕ್ಕದಲ್ಲಿ ಫೇಲಾಗಿ ಶಾಲೆ ಬಿಟ್ಟವಳು. "ಭಾಯ್, ಹುಡುಗಿ ಮನೇಲಿ ಕೂರೋದೇ ಆದ್ರೆ ನಮ್ಮನೇಲಿ ಕೂತ್ಕೊಳ್ಲಿ ಬಿಡಿ" ಎಂದು ನನ್ನನ್ನೂ ಸೇರಿಸಿಕೊಂಡರು.

ಅಲ್ಲಿ ಟೈಮ್‌ಟೇಬಲ್ ಇರಲಿಲ್ಲ. ಮಗ ಏನು ಕೇಳುತ್ತಾನೋ ಅದೇ ಪಾಠ. ಆಂಟಿ ಉತ್ತರ ಹೇಳುತ್ತಲೂ ಇರಲಿಲ್ಲ. "ನಂಗೇನ್ ಗೊತ್ತು? ನಡೀರಿ, ಗೊತ್ತಿರೋರ್ನ ಕೇಳೋಣ. ಈ ಮನೇಲಿ ಕೇಳಬಾರದ ಪ್ರಶ್ನೆ ಅಂತ ಯಾವ್ದೂ ಇಲ್ಲ ಕಣ್ರೋ" ಎನ್ನುತ್ತಿದ್ದರು.

ನಲ್ಲಿಯಲ್ಲಿ ದಿನಾ ಯಾಕೆ ನೀರು ಬರಲ್ಲ ಎಂದು ಒಮ್ಮೆ ಅವನು ಕೇಳಿದ. ಆಯ್ತಲ್ಲ, ತಿಂಗಳಿಗಾಗುವಷ್ಟು ಪಾಠ! ನೀರು ಬಿಡುವವನನ್ನು ಕಾಡಿದೆವು, ಟ್ಯಾಂಕು ನೋಡಿದೆವು, ಮಗನನ್ನು ಮಡಿಲಲ್ಲಿಟ್ಟುಕೊಂಡ ಆಂಟಿಯ ಜೊತೆ ಬಸ್ಸು ಹತ್ತಿ ಗುಬ್ಬಿ ಕಡೆಯ ನಾಲೆಯವರೆಗೂ ಹೋಗಿಬಂದೆವು. ಮನೆಗೆ ಎಷ್ಟು ಬಿಂದಿಗೆ, ಬೀದಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾ ಹಾಕುತ್ತಾ, ಹಾಳಾದ ಆ ಲೆಕ್ಕ ನನಗೆ ಯಾವಾಗ ಬಂತೋ ಗೊತ್ತೇ ಆಗಲಿಲ್ಲ. ಕೊನೆಗೆ ಹಿತ್ತಲಲ್ಲಿ ಮಣ್ಣಿನ ಕೆರೆ ಕಟ್ಟಿ ನೀರು ತುಂಬಿದೆವು. ಏರಿ ಒಡೆದು ನೀರೆಲ್ಲ ಅಬ್ಬಾನ ಹತ್ತಿ ಮೂಟೆಗೆ ನುಗ್ಗಿತು.

"ಏನಮ್ಮಾ ಇದು, ಹತ್ತಿಯೆಲ್ಲಾ ನೆಂದೋಯ್ತಲ್ಲ!" ಅಬ್ಬಾ ಕೂಗಾಡಿದರು.

"ತಪ್ಪಾಯ್ತು ಭಾಯ್, ನಾವೇ ಒಣಗಿಸ್ಕೊಡ್ತೀವಿ. ಅದಕ್ಕೆ ಮುಂಚೆ ಒಂದ್ಸಲ ತೂಕ ಹಾಕ್ಲಾ? ಹತ್ತಿ ಎಷ್ಟು ನೀರು ಕುಡೀತದೆ ಅಂತ ಹುಡುಗ್ರು ನೋಡ್ಲಿ."

ಅಬ್ಬಾ ಹಣೆ ಚಚ್ಚಿಕೊಂಡರು. ಆಮೇಲೆ ನಗು ತಡೆಯಲಾಗದೆ ತಾವೇ ತಕ್ಕಡಿ ತಂದರು.

ಅವನಿಗೆ ಹನ್ನೊಂದು ತುಂಬಿತ್ತು. ಒಂದು ಬೆಳಿಗ್ಗೆ ಉಪ್ಪಿಟ್ಟಿನ ಚಮಚ ಅವನ ಕೈಯಿಂದ ಜಾರಿ ಬಿತ್ತು. ಬಿದ್ದ ಚಮಚವನ್ನೇ ನೋಡುತ್ತಾ, "ಅಮ್ಮ, ಮೊದಲು ಕಾಲು ಹೋಯ್ತು, ಈಗ ಕೈ ಹೋಗ್ತಿದೆ. ಆಮೇಲೆ ಯಾವ್ದು? ಈ ಸಲ ಇದನ್ನೇ ಪಾಠ ಮಾಡೋಣ" ಎಂದ.

ಆಂಟಿ ಚಮಚ ಎತ್ತಿಕೊಂಡು ಒಳಗೆ ಹೋದರು. ಆ ವಾರ ಪಾಠ ನಡೆಯಲಿಲ್ಲ. ಗೋಡೆಯಾಚೆಯ ಜಗಳ ನಮ್ಮ ಮನೆಗೆ ಕೇಳುತ್ತಿತ್ತು.

"ಇರೋವಷ್ಟು ದಿನ ಮಗು ನಗ್ತಾ ಇರ್ಲಿ ಕಣೇ. ಹೇಳ್ಬೇಡ" ಎಂದು ಯಜಮಾನರು.

"ಒಳಗೊಳಗೇ ಹೆದರ್ಕೊಂಡಿದಾನೆ ಕಣ್ರೀ ಅವ್ನು. ಇದೊಂದಕ್ಕೆ ನಾನೂ ಸುಳ್ಳು ಹೇಳಿದ್ರೆ ಇನ್ಯಾರನ್ನ ಕೇಳ್ತಾನೆ?"

"ನೀನು ಅವನ ತಾಯೋ, ಮೇಷ್ಟ್ರೋ?"



ಮರುದಿನ ಆಂಟಿ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ಜೊತೆಗೆ ನಾನೂ ಇದ್ದೆ. ಪ್ರಶ್ನೆಯನ್ನು ಅವನೇ ಕೇಳಿದ. ಡಾಕ್ಟರು ಆಂಟಿಯ ಮುಖ ನೋಡಿದರು. ಆಂಟಿ ಹೇಳಿ ಎನ್ನುವಂತೆ ತಲೆಯಾಡಿಸಿದರು. ಡಾಕ್ಟರು ಮೆತ್ತಗಿನ ದನಿಯಲ್ಲಿ, ಏನನ್ನೂ ಮುಚ್ಚಿಡದೆ ಹೇಳಿದರು.

ಆಟೋದಲ್ಲಿ ಬರುವಾಗ, "ಹೃದಯಾನೂ ಮಾಂಸಖಂಡಾನೇ ಅಂತಲ್ಲಮ್ಮ" ಎಂದ.

"ಹೂಂ ಕಣೋ."

ಅವನೇ ಮುಂದುವರಿಸಿದ: "ಹಂಗಾದ್ರೆ ಕುಣಿಗಲ್‌ಗೆ ಬೇಗ ಹೋಗ್ಬೇಕು. ಕುದುರೆ ಓಡೋದು ನಾನು ನೋಡೇ ಇಲ್ಲ."

ಹೋದೆವು. ಅಲ್ಲಿನ ಕುದುರೆ ಫಾರಂನ ಬೇಲಿಯಾಚೆ ಕುದುರೆಮರಿಗಳು ತಾಯಂದಿರ ಹಿಂದೆ ಓಡುತ್ತಿದ್ದವು. ಅವನು ಕುದುರೆಗಳನ್ನು ನೋಡುತ್ತಿದ್ದ, ಆಂಟಿ ಅವನನ್ನು ನೋಡುತ್ತಿದ್ದರು. ಅವತ್ತು ಅವನು ಏನನ್ನೂ ಕೇಳಲಿಲ್ಲ.

ಹದಿನಾಲ್ಕು ತುಂಬುವ ಮೊದಲೇ ಹೋಗಿಬಿಟ್ಟ. ಶವದ ಮುಂದೆಯೇ ನೆಂಟರು, "ಎಲ್ಲಾ ಹೇಳಿ ಮಗೂನ ಹೆದರಿಸೇ ಸಾಯಿಸಿದ್ಲು" ಎಂದರು. ಅವರ ಬಾಯಿಗೆ ಹುಳ ಬೀಳ! ಯಜಮಾನರು ಅವರ ಬಾಯಿ ಮುಚ್ಚಿಸಲಿಲ್ಲ, ನನಗೆ ಇವತ್ತಿಗೂ ಅದೇ ಸಿಟ್ಟು. ಆಂಟಿ ಒಂದು ಹನಿ ಕಣ್ಣೀರೂ ಹಾಕದೆ ಮಗನ ಕಾಲು ನೀವುತ್ತಾ ಕೂತಿದ್ದರು.

ಆಮೇಲೂ ನನ್ನನ್ನು ಬಿಡಲಿಲ್ಲ. ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿದರು, ಅಬ್ಬಾನ ಜೊತೆ ಜಗಳವಾಡಿ ನರ್ಸಿಂಗ್‌ಗೆ ಸೇರಿಸಿದರು. ನಾನು ಇವತ್ತು ದುಡಿದು ತಿನ್ನುವ ಅನ್ನ ಅವರು ಹಾಕಿದ್ದು.

ಕೆಲವು ವರ್ಷಗಳ ನಂತರ ಅವರೇ ನಾನು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ಮಂಚ ಹಿಡಿದರು. ಕೆಲಸ ಮುಗಿಸಿ ಪಕ್ಕದಲ್ಲಿ ಕೂತಿದ್ದಾಗ ಕೇಳಿದರು: "ಅವತ್ತು ನಾನು ಹೇಳಿಸ್ದೇ ಇದ್ದಿದ್ರೆ, ಅವ್ನು ಇನ್ನೊಂಚೂರು ಸಂತೋಷವಾಗಿ ಇರ್ತಿದ್ನೇನೇ?"

ಇಲ್ಲ ಆಂಟಿ, ನೀವು ಮಾಡಿದ್ದೇ ಸರಿ ಎನ್ನಬಹುದಿತ್ತು. ಮಾತು ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಆ ಕಣ್ಣುಗಳ ಮುಂದೆ, ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ಆಗಲಿಲ್ಲ.

"ಗೊತ್ತಿಲ್ಲ ಆಂಟಿ" ಎಂದೆ.

"ನಂಗೂ ಗೊತ್ತಿಲ್ಲ ಮಗಾ" ಎಂದವರೇ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅವರನ್ನು ತಬ್ಬಿಕೊಂಡು ಅತ್ತೆ.

ಎರಡು ದಿನ ಬಿಟ್ಟು ತೀರಿಕೊಂಡರು. ನಾನೊಂದು ಸುಳ್ಳು ಹೇಳಿದ್ದರೆ ನೆಮ್ಮದಿಯಿಂದ ಹೋಗುತ್ತಿದ್ದರೋ ಏನೋ. ಆ ಸಂಕಟವನ್ನು ಅವರು ಹತ್ತು ವರ್ಷ ಹೊತ್ತಿದ್ದರು, ಈಗ ನಾನು ಹೊತ್ತಿದ್ದೇನೆ.