ವಾರಿಜಕ್ಕ ದೋಣಿಯವನನ್ನು ಆರಿಸಿದ್ದು

ಅಡುಗೆಯವನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ವಾರಿಜಕ್ಕ ಅವನಿಂದ ಅಡುಗೆ ಮಾಡಿಸುತ್ತಿರಲಿಲ್ಲ. ಎದುರಿಗೆ ಕೂರಿಸಿ, ಕಾಫಿ ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಹಿಟ್ಟು ಹಾಳಾದ ದಿನ ಎಂತ ಮಾಡಿದೆ ಮಾರಾಯ?”

“ನನ್ನ ಕೈಯಲ್ಲಿ ಹಿಟ್ಟು ಹಾಳಾದದ್ದೇ ಇಲ್ಲ ಅಮ್ಮ” ಎಂದವನಿಗೆ ಕಾಫಿ ಮುಗಿಯುವವರೆಗೆ ಮಾತ್ರ ಅಲ್ಲಿ ಜಾಗ. ವಡೋದರಾದ ಮೇ ತಿಂಗಳಲ್ಲಿ ಬೆಳಿಗ್ಗೆ ರುಬ್ಬಿಟ್ಟ ಹಿಟ್ಟು ಮಧ್ಯಾಹ್ನಕ್ಕೆ ಪಾತ್ರೆಯಿಂದ ಎದ್ದು ಹೊರಗೆ ನಡೆಯುತ್ತದೆ. ಹಾಳಾಗಿಯೇ ಇಲ್ಲ ಎಂದರೆ ಅವನು ಒಲೆಯ ಮುಂದೆ ನಿಂತಿಲ್ಲ, ಅಥವಾ ಹಾಳಾದದ್ದನ್ನೇ ಜನರಿಗೆ ಹೊಯ್ದುಕೊಟ್ಟಿದ್ದಾನೆ ಎಂಬುದು ಅವರ ಲೆಕ್ಕ. “ಚರಂಡಿಗೆ ಚೆಲ್ಲಿದೆ, ದೋಸೆ ಇಲ್ಲ ಅಂತ ಹೇಳಿದೆ, ಯಜಮಾನರು ಬೈದರು” ಎಂದವನಿಗೆ ಕೆಲಸ ಸಿಗುತ್ತಿತ್ತು. ಅಲ್ಕಾಪುರಿ ಬಡಾವಣೆಯ ಅವರ ಹೋಟೆಲಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಅಂಥ ದಿನಗಳಲ್ಲಿ ಅದಕ್ಕೆ ಒಂದು ತಗಡಿನ ಬೋರ್ಡು ತೂಗುತ್ತಿತ್ತು: ‘ಆಜೆ ಢೋಸಾ ನಥಿ’. ಇವತ್ತು ದೋಸೆ ಇಲ್ಲ.

ಈ ಪರೀಕ್ಷೆ ಎಂದೂ ತಪ್ಪುತ್ತಿರಲಿಲ್ಲ ಎಂದು ಬರೆದರೆ ವ್ಯಕ್ತಿಚಿತ್ರ ಚೆನ್ನಾಗಿ ಕೂರುತ್ತದೆ. ಆದರೆ ತಪ್ಪುತ್ತಿತ್ತು. ಚೆಲ್ಲಿದ ಹಿಟ್ಟಿನ ಕಥೆಯನ್ನು ಕಣ್ಣೀರು ತುಂಬಿ ಹೇಳಿ ಕೆಲಸ ಗಿಟ್ಟಿಸಿದ ಒಬ್ಬ, ನವರಾತ್ರಿಯ ನಡುವೆ ಹಿತ್ತಾಳೆ ಪಾತ್ರೆಗಳ ಸಮೇತ ಮಾಯವಾದ. “ಸುಳ್ಳು ಹೇಳ್ಲಿಲ್ಲ ಅವ” ಎಂದರು ವಾರಿಜಕ್ಕ. “ಪಾತ್ರೆ ವಿಷಯ ನಾನು ಕೇಳ್ಲೇ ಇಲ್ಲ ಅಲ್ವಾ?”

ಗಂಡ ತೀರಿಕೊಂಡ ಮೇಲೆ ಹೋಟೆಲು ಅವರದೇ. ಮಗ ಗುರುಪ್ರಸಾದ ಸೂರತ್ತಿನಲ್ಲಿ ಇನ್ನೊಂದನ್ನು ನಡೆಸುತ್ತಿದ್ದ. ನಾನು ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೋಡಗಳನ್ನು ಅಳೆಯುವ ಉಪಕರಣಗಳ ಕೆಲಸದಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಯಿಂದ ಕೆಲಸದ ಮೇಲೆ ವಡೋದರಾಕ್ಕೆ ಹೋದಾಗಲೆಲ್ಲ ಸ್ಟೇಷನ್ನಿನಿಂದ ನೇರ ಅವರಲ್ಲಿಗೇ ನಡೆಯುತ್ತಿದ್ದೆ. ನಾನು ದಾವಣಗೆರೆಯವ, ಅವರು ಉಡುಪಿ ಕಡೆಯವರು. ಒಳಗೆ ಕಾಲಿಡುತ್ತಲೇ ಕೂಗು: “ಮೋಡ ಅಳೆಯುವವರು ಬಂದ್ರು, ಚಟ್ನಿ ಜಾಸ್ತಿ ಹಾಕು. ಏನು ವಿಜ್ಞಾನಿಗಳೇ, ಈ ಸಲ ಮಳೆ ಉಂಟಾ, ಅಥವಾ ಅಳತೆ ಮಾತ್ರವಾ?”

ನಾನು ಅವರನ್ನು ನಿಜವಾಗಿ ಕಂಡದ್ದು ಅವರು ದೋಣಿಯವನೊಬ್ಬನನ್ನು ಆರಿಸಬೇಕಾಗಿ ಬಂದಾಗ.

ಗುರುಪ್ರಸಾದನ ಮಗಳು ಮಿತಾ ಅಜ್ಜಿಯ ಮನೆಯಲ್ಲಿದ್ದುಕೊಂಡು ವಡೋದರಾದಲ್ಲಿ ಕಾಲೇಜು ಓದುತ್ತಿದ್ದಳು. ಅವಳ ಕನ್ನಡ ಅಜ್ಜಿಯ ಜೊತೆಗೆ ಮಾತ್ರ, ಅದೂ ಅರ್ಧ. ಉಳಿದರ್ಧಕ್ಕೆ ಗುಜರಾತಿಯನ್ನೋ ಇಂಗ್ಲಿಷನ್ನೋ ತುಂಬುತ್ತಿದ್ದಳು. ಎಂಬತ್ತರ ದಶಕದ ನಡುವಿನ ಒಂದು ವರ್ಷ ಅವಳ ತರಗತಿಯವರೆಲ್ಲ ದೀಪಾವಳಿ ರಜೆಯಲ್ಲಿ ಹೃಷೀಕೇಶದಿಂದ ಮೇಲ್ಗಡೆ ಗಂಗೆಯಲ್ಲಿ ರಬ್ಬರ್ ದೋಣಿಯ ಸವಾರಿಗೆ ಹೋಗುವುದೆಂದು ತಿಂಗಳುಗಳ ಮೊದಲೇ ನಿಶ್ಚಯಿಸಿದ್ದರು. ರ್‍ಯಾಫ್ಟಿಂಗ್ ಎಂಬ ಮಾತು ಆಗ ಗುಜರಾತಿಗೆ ಹೊಸದು. ಮಿತಾ ಮೂರು ದಿನ ಊಟ ಬಿಟ್ಟಳು. (ಎರಡು ದಿನ ಎನ್ನುತ್ತಾಳೆ ಅವಳು. ವಾರ ಎನ್ನುತ್ತಾನೆ ಅವಳಪ್ಪ.) ಕೊನೆಗೆ ಗುರುಪ್ರಸಾದ ಸೂರತ್ತಿನಿಂದ ಬಂದು ಅಮ್ಮನ ಮುಂದೆ ನಿಂತ. ನಾನು ಅಲ್ಲೇ ಇದ್ದೆ, ಇಡ್ಲಿ ಅರ್ಧವಾಗಿತ್ತು.

“ನೀವು ನೋಡಿ ಆರಿಸಿದ ಟ್ರಿಪ್ಪಾದರೆ ಕಳಿಸ್ತೇನೆ” ಎಂದ. “ಆದ್ರೆ ಅಮ್ಮ, ಹುಡುಗಿಗೆ ಏನಾದ್ರೂ ಆದ್ರೆ ನಾನು ನಿಮ್ಮ ಮುಖ ನೋಡುವುದಿಲ್ಲ. ಇದು ದೋಸೆ ಹಿಟ್ಟಲ್ಲ.”

ವಾರಿಜಕ್ಕ ಒಳಗೆ ಹೋಗಿ ತುಂಬ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. “ವಿಜ್ಞಾನಿಗಳೇ, ನಿಮ್ಮ ಅಹಮದಾಬಾದಲ್ಲಿ ಆ ಟ್ರಿಪ್ಪಿನ ಏಜೆಂಟ್ ಎಲ್ಲಿರುವುದು?”

ಅವನ ಆಫೀಸು ಇದ್ದದ್ದು ನವರಂಗಪುರದಲ್ಲಿ, ಒಂದು ಕಾಲೇಜಿನ ಎದುರು, ಆಟೋಗಳು ಒಂದಕ್ಕೊಂದು ಮೂಗು ತಾಗಿಸಿ ನಿಲ್ಲುವ ಕಡೆ. ಮಿತಾಳ ತರಗತಿಯವರು ಹೆಸರು ಕೊಟ್ಟದ್ದು ಇವನಲ್ಲಿಯೇ. “ಆವೋ ಬಾ, ಬೇಸೋ” ಎಂದು ಕುರ್ಚಿ ಎಳೆದ. ಗುಜರಾತಿಯಲ್ಲಿ ‘ಬಾ’ ಎಂದರೆ ಅಮ್ಮ. ವಿದೇಶಿಯರಿಗಾಗಿ ಅಚ್ಚುಮಾಡಿಸಿದ ಬಣ್ಣದ ಕಾಗದ ತೋರಿಸಿದ. ‘ಉಷ್ಣವಲಯದ ದೇಶದಲ್ಲಿ ಹಿಮ ಕರಗಿದ ನೀರಿನ ರೋಮಾಂಚನ’ ಎಂದು ಅದರಲ್ಲಿತ್ತು. ನಾನು ಅರ್ಥ ಹೇಳಿದೆ. “ನಮ್ಮದು ಉಷ್ಣವಲಯವಾ? ಅಡುಗೆಮನೆಯಲ್ಲಿ ನಿಂತ ನನಗೆ ಈಗ ಗೊತ್ತಾಯ್ತು” ಎಂದರು ವಾರಿಜಕ್ಕ.

ಏಜೆಂಟನಿಗೆ ಊಟದ ಮೇಲೆ ಹೆಚ್ಚು ಭರವಸೆ. ಅಡುಗೆಯ ಮಹಾರಾಜ ಜೊತೆಗೇ ಬರುತ್ತಾನೆ, ಬೆಳಿಗ್ಗೆ ನದಿ ದಂಡೆಯಲ್ಲಿ ಬಿಸಿ ಗಾಂಠಿಯಾ ಜಿಲೇಬಿ, ಸಂಜೆಗೆ ಕಢಿ ಖಿಚಡಿ.

“ತಿನ್ನುವುದು ಮೂವತ್ತು ವರ್ಷದಿಂದ ನೋಡ್ತಾ ಇದ್ದೇನೆ” ಎಂದು ನನ್ನ ಕಡೆ ಕನ್ನಡದಲ್ಲಿ ಹೇಳಿ, ಅವನ ಕಡೆ ತಿರುಗಿ ತಮ್ಮ ಹಿಂದಿಯಲ್ಲಿ ಕೇಳಿದರು: “ತುಮ್ ನದೀ ಮೇ ನಹೀ ಗಯಾ, ವಾಪಸ್ ಆಯಾ, ಐಸಾ ಏಕ್ ದಿನ್ ಬೋಲೋ.” ನದಿಗೆ ಇಳಿಯದೆ ವಾಪಸು ಬಂದ ಒಂದು ದಿನ ಹೇಳು.

ಅವನು ನಕ್ಕ. “ಚಿಂತಾ ನಹಿ ಕರವಾನಿ, ಬಾ. ನಮ್ಮ ಟ್ರಿಪ್ಪು ಇವತ್ತಿನವರೆಗೆ ಒಂದೂ ನಿಂತಿಲ್ಲ.”

ವಾರಿಜಕ್ಕ ಅವನು ಕೊಟ್ಟ ಚಹಾ ಮುಗಿಸಿ ಎದ್ದರು.

ಎರಡನೆಯವನು ಸೂರತ್ತಿನಲ್ಲಿ, ಗುರುಪ್ರಸಾದನ ಹೋಟೆಲಿನ ಬೀದಿಯಲ್ಲೇ, ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ಟಿಕೆಟ್ ಮಾರುತ್ತಿದ್ದವ. ಅದೇ ಪ್ರಶ್ನೆಗೆ ಅವನು ತಲೆ ಕೆರೆದುಕೊಂಡು, ಅದೆಲ್ಲ ಅಲ್ಲಿನ ಗೈಡಿಗೆ ಗೊತ್ತು, ತಾನು ನದಿಯನ್ನು ಕಂಡವನೇ ಅಲ್ಲ ಎಂದುಬಿಟ್ಟ. “ಪಾಪ, ಒಳ್ಳೆಯವ” ಎಂದರು ಮೆಟ್ಟಿಲಿಳಿಯುತ್ತ. “ಆದ್ರೆ ಕ್ಯಾಷಿಯರನ ಹತ್ರ ಸಾಂಬಾರಿಗೆ ಉಪ್ಪು ಎಷ್ಟು ಅಂತ ಕೇಳಿದ ಹಾಗಾಯ್ತು.”

ಮೂರನೆಯವನು ತಾನಾಗಿ ವಡೋದರಾಕ್ಕೆ ಬಂದ. ಮಳೆಗಾಲದಲ್ಲಿ ನದಿ ತುಂಬಿ ದೋಣಿಗಳು ದಡದ ಮೇಲಿರುವಾಗ ಗೈಡುಗಳಿಗೆ ಕೆಲಸವಿರುವುದಿಲ್ಲ. ಬಿಷ್ಟ್ ಎಂಬ ಗಢವಾಲಿ ಯುವಕ ಊರೂರಿಗೆ ಹೋಗಿ ಸ್ಲೈಡು ತೋರಿಸುತ್ತಿದ್ದ. ಒಂದು ಚಾರಣದ ಕ್ಲಬ್ಬಿನಲ್ಲಿ ಬಿಳಿ ಬೆಡ್‌ಶೀಟಿನ ಮೇಲೆ ಗಂಗೆ ಕುದಿಯಿತು. ಅವನಿಗೆ ಮಾತು ಕಡಿಮೆ. ದೀಪ ಹಾಕಿದ ಮೇಲೆ ವಾರಿಜಕ್ಕ ಹಿಂದಿನ ಸಾಲಿನಿಂದಲೇ ಪ್ರಶ್ನೆ ಎಸೆದರು. ಮಿತಾ ನಾಚಿಕೆಯಿಂದ ಕುರ್ಚಿಯಲ್ಲಿ ಕುಸಿದಳು.

ಬಿಷ್ಟ್ ಸ್ವಲ್ಪ ಯೋಚಿಸಿ ಹೇಳಿದ: ಹೋದ ಬೇಸಿಗೆಯಲ್ಲಿ. ಬಂದವರೆಲ್ಲ ದೊಡ್ಡ ಆಫೀಸರರು. ಮೇಲೆ ಮಳೆಯಾಗಿ ನೀರು ಕೆಂಪಾಗಿತ್ತು. ದೋಣಿ ಹೊತ್ತು ಅವರನ್ನೆಲ್ಲ ಬಂಡೆ ಮೇಲಿಂದ ನಡೆಸಿದೆ.

“ಬಹುತ್ ಗಾಲೀ ದಿಯಾ?” ಎಂದರು ವಾರಿಜಕ್ಕ. ತುಂಬ ಬೈದರಾ?

“ಬಹುತ್, ಮಾತಾಜಿ. ಅವತ್ತು ಊಟವನ್ನೂ ಮಾಡಲಿಲ್ಲ ಅವರು.”

“ಇವನೇ” ಎಂದು ನನ್ನ ಮೊಣಕೈ ಹಿಡಿದರು. ಹಿಡಿತ ಬಿಗಿಯಾಗಿತ್ತು. ಆರಿಸಿದ ನೆಮ್ಮದಿ ಅದರಲ್ಲಿ ಇರಲಿಲ್ಲ.

ಮಿತಾಳಿಗೆ ಸಿಟ್ಟು. ಗೆಳತಿಯರೆಲ್ಲ ನವರಂಗಪುರದವನ ದೋಣಿಯಲ್ಲಿ. ಇವಳು ಅಜ್ಜಿಯ ಜೊತೆ ಬಿಷ್ಟನ ದೋಣಿಯಲ್ಲಿ. ಹೌದು, ವಾರಿಜಕ್ಕನೂ ಹೊರಟರು. “ಆರಿಸಿದವಳು ಹತ್ತದೆ ಇದ್ರೆ ಅದೆಂಥ ಆರಿಸುವುದು?” ಗುರುಪ್ರಸಾದನಿಗೆ ಹೋಟೆಲು ಬಿಡಲಾಗದು, ಒಬ್ಬ ಗಂಡಸು ಜೊತೆಗಿರಲಿ ಎಂದು ನನ್ನನ್ನು ಕಳಿಸಿದ. ನನಗೆ ಈಜು ಬಾರದು. ಅದನ್ನು ಅವನು ಕೇಳಲಿಲ್ಲ.

ಗಂಗೆಯ ಆ ಬೆಳಿಗ್ಗೆಯ ಬಗ್ಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವಾರಿಜಕ್ಕ ಕಚ್ಚೆ ಬಿಗಿದ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಸೌಟು ಹಿಡಿದಂತೆ ಹುಟ್ಟು ಹಿಡಿದು ದೋಣಿಯ ಮುಂದೆ ಕೂತ ಚಿತ್ರ ನನ್ನಲ್ಲಿದೆ. ಸೀರೆಯಲ್ಲ, ನನ್ನ ಸಲ್ವಾರು ಎನ್ನುತ್ತಾಳೆ ಮಿತಾ. ಕ್ಯಾಮೆರಾ ನೆನೆದು ಚಿತ್ರಗಳೆಲ್ಲ ಹೋದವು. ಬಂಡೆಗಳ ನಡುವೆ ನದಿ ಧುಮುಕುವ ಮೊದಲ ಸಣ್ಣ ಅಬ್ಬರಗಳಲ್ಲಿ ನೀರು ಮುಖಕ್ಕೆ ರಾಚಿದಾಗ ಅವರು ಚಿಕ್ಕ ಹುಡುಗಿಯಂತೆ ಕಿರುಚಿದ್ದಂತೂ ಹೌದು. “ಅಯ್ಯಬ್ಬ! ಐಸು ಮಾರಾಯ ಇದು! ಮಿತಾ, ಇನ್ನೊಂದು ಬರ್ತಾ ಉಂಟು ನೋಡು!” ಮಿತಾ ಸಿಟ್ಟು ಮರೆತು ನಗುತ್ತಿದ್ದಳು. ನಾನು ಹಗ್ಗ ಹಿಡಿದಿದ್ದೆ.

ಆಮೇಲೆ ನದಿ ಬಲಕ್ಕೆ ತಿರುಗುವ ಕಡೆ, ಮುಂದೆ ಏನೂ ಕಾಣದೆ ಬರೀ ಸದ್ದು ಕೇಳುವಲ್ಲಿ, ಬಿಷ್ಟ್ ದೋಣಿಯನ್ನು ಮರಳಿಗೆ ಹಚ್ಚಿದ. ಎಲ್ಲರೂ ಹೇಳುತ್ತಿದ್ದ ದೊಡ್ಡ ಅಬ್ಬರ ಇದೇ. ಮಿತಾ ಬಂದದ್ದು ಇದಕ್ಕಾಗಿ. ಬಿಷ್ಟ್ ಬಂಡೆ ಹತ್ತಿ ನಿಂತ. ನೀರು ನೋಡಿದ. ಒಂದು ಕಟ್ಟಿಗೆ ಎಸೆದು, ಅದು ಹೋದ ದಾರಿ ನೋಡಿದ. ಇಳಿದು ಬಂದು, ರಾತ್ರಿ ನೀರು ಏರಿದೆ ಎಂದ. “ಆಜ್ ನಹೀ.” ಇವತ್ತು ಇಲ್ಲ.

“ಅಂದ್ರೆ?” ಎಂದಳು ಮಿತಾ. “ಅಜ್ಜಿ, ಅಂದ್ರೆ ಏನು? ಇದಕ್ಕೇ ಅಲ್ವಾ ನಾವು ಬಂದಿದ್ದು!”

ವಾರಿಜಕ್ಕ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕೂಗಾಟ ಕೇಳಿತು. ನವರಂಗಪುರದವನ ದೋಣಿ. ಮಿತಾಳ ಗೆಳತಿಯರು ಹುಟ್ಟು ಎತ್ತಿ ಅವಳ ಹೆಸರು ಕೂಗಿದರು. ಅವರ ಗೈಡು ನಿಲ್ಲಿಸಲಿಲ್ಲ. ದೋಣಿ ತಿರುವು ದಾಟಿ, ಮೂಗು ಎತ್ತಿ, ಬಿಳಿ ನೀರಿನೊಳಗೆ ಹೋಯಿತು. “ಪೇಲಾ ಲೋಕೊ ಗಯಾ ನೆ! ಅವರು ಹೋದ್ರಲ್ಲ!” ಎಂದು ಮಿತಾ ಚೀರಿದಳು.

ದೋಣಿ ಕಾಣಲಿಲ್ಲ.

ವಾರಿಜಕ್ಕ ಎರಡೂ ಕೈಗಳಿಂದ ಸ್ವಂತ ಕೆನ್ನೆ ಹಿಡಿದುಕೊಂಡಿದ್ದರು. ತುಟಿ ಅಲುಗುತ್ತಿತ್ತು. ಬಿಷ್ಟ್ ಹಗ್ಗದ ಸುರುಳಿ ಹಿಡಿದು ಬಂಡೆಯಿಂದ ಬಂಡೆಗೆ ಓಡುತ್ತಿದ್ದ. ನಾನು ನೀರಿನಲ್ಲಿ ತಲೆಗಳನ್ನು ಹುಡುಕಿದೆ. ಪ್ರತಿ ನೊರೆಯೂ ಒಂದು ತಲೆಯಾಗಿ ಕಂಡಿತು.

ಆಮೇಲೆ ಕೆಳಗೆ, ನೀರು ಹಸಿರಾಗುವ ಕಡೆ, ದೋಣಿ ತೇಲಿ ಬಂತು. ಎಲ್ಲರೂ ಅದರಲ್ಲಿದ್ದರು. ನೆನೆದ ಬೆಕ್ಕುಗಳಂತೆ ಕೂತು, ನಮ್ಮ ಕಡೆ ಕೈ ಬೀಸುತ್ತಿದ್ದರು.

ಇದನ್ನು ಒತ್ತಿ ಹೇಳಬೇಕು: ಆ ದೋಣಿಗೆ ಏನೂ ಆಗಲಿಲ್ಲ.

“ಉಸ್ಸಪ್ಪ” ಎಂದು ವಾರಿಜಕ್ಕ ಮರಳಲ್ಲಿ ಕೂತುಬಿಟ್ಟರು. ಅಂಥ ಉಸಿರನ್ನು ನಾನು ಬೇರೆ ಯಾರ ಬಾಯಿಂದಲೂ ಕೇಳಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಿಷ್ಟನನ್ನು ಕೇಳಿದರು: ಅವರು ಹೋದರಲ್ಲ, ಪಾರಾದರಲ್ಲ?

“ಅವರ ಗೈಡಿಗೆ ದಾರಿ ಕಂಡಿರಬೇಕು, ಮಾತಾಜಿ. ನನಗೆ ಇವತ್ತು ಕಾಣಲಿಲ್ಲ.”

ಅವರು ತಲೆಯಾಡಿಸಿದರು. ಮಿತಾ ಬೆನ್ನು ತಿರುಗಿಸಿ ನಿಂತಿದ್ದಳು. ಭುಜ ಅಲುಗುತ್ತಿತ್ತು, ಅಳುತ್ತಿದ್ದಾಳೆ ಎಂದುಕೊಂಡೆ. ತಟ್ಟನೆ ತಿರುಗಿ ಸೊಂಟದ ಮೇಲೆ ಕೈಯಿಟ್ಟು, ಹೋಟೆಲಿನ ಮಾಣಿಯ ರಾಗದಲ್ಲಿ ಗಂಗೆಗೆಲ್ಲ ಕೇಳುವಂತೆ ಕೂಗಿದಳು: “ಆಜೆ ಢೋಸಾ ನಥಿ!”

ಮೊದಲು ನಕ್ಕದ್ದು ವಾರಿಜಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದು ನಗುವಿನದೋ ಮೊದಲಿನದೋ ನನಗೆ ಗೊತ್ತಾಗಲಿಲ್ಲ. ಏನೂ ಅರ್ಥವಾಗದ ಬಿಷ್ಟ್ ಕೂಡ ನಕ್ಕ. ಆಮೇಲೆ ದೋಣಿಯನ್ನು ಹೊತ್ತು ಬಂಡೆಗಳ ಮೇಲೆ ನಡೆದೆವು. ವಾರಿಜಕ್ಕ ಎಲ್ಲರ ಹುಟ್ಟುಗಳನ್ನೂ ಸೌದೆಯಂತೆ ಅವಚಿಕೊಂಡು ಮುಂದೆ ಹೋದರು.

ಸೂರತ್ತಿನಲ್ಲಿ ಗುರುಪ್ರಸಾದ ಮಗಳನ್ನು ಬಾಗಿಲಲ್ಲೇ ಅಪ್ಪಿಕೊಂಡ. ಅಮ್ಮನ ಮುಖ ನೋಡಿದ. ಒಳಗೆ ಹೋಗಿ ತಾನೇ ಕಾಫಿ ಮಾಡಿ ತಂದ. ಕಥೆ ಅಲ್ಲಿಗೆ ಮುಗಿಯಬಹುದಿತ್ತು.

ಆದರೆ ಗುರುಪ್ರಸಾದ ಅದನ್ನು ಹೇಳತೊಡಗಿದ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳಿಗೆ, ಮದುವೆಮನೆಗಳಲ್ಲಿ ನೆಂಟರಿಗೆ. ಅಮ್ಮ ಎಂಥವರು, ಹೇಗೆ ಆರಿಸಿದರು ಎಂದು ಹೇಳುವ ಹೆಮ್ಮೆಗೆ, ಪಾರಾದ ದೋಣಿ ಅಡ್ಡ ಬರುತ್ತಿತ್ತು. ಮೊದಲು ಅದು ಸ್ವಲ್ಪ ವಾಲಿತು. ಮರುವರ್ಷ ಮಗುಚಿತು. ಆಮೇಲೆ ಅದರಲ್ಲಿ ಇಬ್ಬರು ಸಿಗಲೇ ಇಲ್ಲ.

ವಾರಿಜಕ್ಕನನ್ನು ನಾನು ಕೊನೆಯದಾಗಿ ಕಂಡದ್ದು ಆ ದಶಕ ಮುಗಿಯುವ ಹೊತ್ತಿಗೆ, ಸೂರತ್ತಿನ ಮಗನ ಮನೆಯಲ್ಲಿ. ಅಲ್ಕಾಪುರಿಯ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ಕಿಟಕಿಯ ಪಕ್ಕ ಮಂಚದಲ್ಲಿ ತುಂಬ ಸಣ್ಣಗಾಗಿದ್ದರು. ಹೊರಗಿನ ಕೋಣೆಯಲ್ಲಿ ಗುರುಪ್ರಸಾದ ಯಾರಿಗೋ ಅದೇ ಕಥೆ ಹೇಳುತ್ತಿದ್ದ. ದೋಣಿ ಮುಳುಗುವ ಜಾಗ ಬರುತ್ತಿದ್ದಂತೆ ಅವರು ನನ್ನನ್ನು ಹತ್ತಿರ ಕರೆದರು.

“ವಿಜ್ಞಾನಿಗಳೇ, ಆ ದೋಣಿ ಪಾರಾಯ್ತಲ್ವಾ? ಇವ ಮುಳುಗಿಸಿ ಮುಳುಗಿಸಿ ಈಗ ನಂಗೇ ಸಂಶಯ. ಯಾರ್ಯಾರ ಮನೆ ಮಕ್ಕಳೋ ಅದರಲ್ಲಿ ಇದ್ದದ್ದು.”

“ಪಾರಾಯ್ತು ವಾರಿಜಕ್ಕ.”

“ನೀವು ಕಣ್ಣಾರೆ ಕಂಡಿದ್ದೀರಾ? ನನ್ನ ಸಮಾಧಾನಕ್ಕೆ ಹೇಳುವುದಲ್ಲ.”

ಸೀರೆಯೋ ಸಲ್ವಾರೋ ನನಗೆ ಗೊತ್ತಿಲ್ಲ. ಎಷ್ಟು ದಿನದ ಉಪವಾಸ ಎಂದೂ ಗೊತ್ತಿಲ್ಲ. ಇದು ಗೊತ್ತಿತ್ತು.

“ಕಂಡಿದ್ದೇನೆ. ಎಲ್ಲರೂ ಕೈ ಬೀಸಿದರು. ನೀವು ಮರಳಲ್ಲಿ ಕೂತಿರಿ.”

ಅವರು ಉಸಿರು ಬಿಟ್ಟರು. ಮರಳ ಮೇಲೆ ಕೇಳಿದ್ದ ಅದೇ ಉಸಿರು. “ಉಸ್ಸಪ್ಪ. ಒಳ್ಳೆದಾಯ್ತು. ಕಾಫಿ ಕುಡಿದು ಹೋಗಿ.”

ಮುಂದಿನ ಸಲ ನಾನು ಸೂರತ್ತಿಗೆ ಹೋದಾಗ ಆ ಮಂಚ ಗೋಡೆಗೆ ಒರಗಿ ನಿಂತಿತ್ತು. ಗುರುಪ್ರಸಾದ ಈಗಲೂ ದೋಣಿಯನ್ನು ಮುಳುಗಿಸುತ್ತಾನೆ. ನಾನು ಎದುರಿಗಿದ್ದರೆ ಕಾಫಿ ಕೆಳಗಿಟ್ಟು, ಅವನ ಮಾತು ತಡೆದು, ಅದನ್ನು ಹಸಿರು ನೀರಿಗೆ ತಂದು ಮುಟ್ಟಿಸುತ್ತೇನೆ, ಒಬ್ಬರೂ ಬಿಟ್ಟುಹೋಗದ ಹಾಗೆ.