ರಸ್ತೆ ಕಡೆಯ ಗೋಡೆ

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ಹಳೆಯ ಹೆಂಚಿನ ಮನೆ ಕೆಡವಿ ಮಗ ಆರ್‌ಸಿಸಿ ಮನೆ ಕಟ್ಟಿಸಿದ್ದ. ನೋಡಲು ಚೆನ್ನಾಗಿತ್ತು. ಬೇಸಿಗೆಯಲ್ಲಿ ಮಾತ್ರ ಹಗಲೆಲ್ಲ ಕುಡಿದ ಬಿಸಿಲನ್ನು ತಾರಸಿ ರಾತ್ರಿ ನನ್ನ ಮೇಲೆ ಕಕ್ಕುತ್ತಿತ್ತು. ಫ್ಯಾನು ಹಾಕಿದರೆ ಅದೇ ಬಿಸಿ ಸುತ್ತುತ್ತಿತ್ತು. ನನಗೆ ನಿದ್ದೆ ಬೇಕಿತ್ತು, ಅಷ್ಟೇ. ಕೆಡವಿದ ಮನೆಯ ಮಣ್ಣು ಹಿತ್ತಲಲ್ಲಿ ಗುಡ್ಡೆ ಬಿದ್ದಿತ್ತು, ಹೆಂಚೂ ಇತ್ತು. ಅದರಲ್ಲೇ ನನಗೊಂದು ಕೋಣೆ ಹಾಕಿಸಿಕೊಡು ಅಂದೆ.

ಮಗನ ಮುಖ ಸಪ್ಪಗಾಯಿತು. “ಹೆತ್ತವ್ವನ್ನ ಮಣ್ಣಿನ್ ಗೂಡಿಗೆ ಹಾಕವ್ನೆ ಅಂತಾರೆ ಕಣವ್ವ ಜನ.”

ಜನ ಬಂದು ನನ್ನ ನಿದ್ದೆ ಮಾಡಿಕೊಡುತ್ತಾರೇನು ಅಂದೆ.

ಸೂರಿಗೆ ಮರ ಬೇಕಾಯಿತು. ಬಾವಿ ಹತ್ತಿರದ ಮುದಿ ತೆಂಗು ಫಲ ನಿಲ್ಲಿಸಿತ್ತು. ಅಪ್ಪ ನೆಟ್ಟಿದ್ದು, ಕಡಿಯಬೇಡ ಅಂತ ಮಗ ಅಡ್ಡ ನಿಂತ. “ನಿಮ್ಮಪ್ಪ ನೆಟ್ಟಿದ್ದು ಕಾಯಿಗೆ ಕಣ್ಲಾ, ನೋಡ್ಕಂಡು ಕೂರಕ್ಕಲ್ಲ” ಅಂದೆ. ಕಡಿಸಿದೆವು. ತೆಂಗಿನ ಮರದ ತಿರುಳು ಮೆತ್ತಗೆ, ಕೆಲಸಕ್ಕೆ ಬಾರದು, ಹೊರಗಿನದು ಕಬ್ಬಿಣ. ಹೊರಗಿನದರಲ್ಲಿ ತೊಲೆ ಸೀಳಿಸಿದೆವು. ಗಾರೆಯವನು ಹಳೇ ಮಣ್ಣು ಜರಡಿ ಹಿಡಿದು, ಸುಣ್ಣ ಬೆರೆಸಿ, ಒತ್ತುವ ಮಿಷನ್ನಿನಲ್ಲಿ ಇಟ್ಟಿಗೆ ಮಾಡಿದ. ಮನೆಯ ಪಕ್ಕಕ್ಕೇ ಕೋಣೆ ಎದ್ದಿತು. ಮೊದಲ ದಿನವೇ ಹೊದ್ದು ಮಲಗಿದೆ.

ಮಗನಿಗೆ ಸಮಾಧಾನವಿಲ್ಲ. ಒಂದು ಗೋಡೆ ರಸ್ತೆಗೆ ಕಾಣುತ್ತಿತ್ತು. ಶೆಟ್ಟಿಕೆರೆಯಿಂದ ಬೀಗರು, ನನ್ನ ಮಗಳ ಅತ್ತೆ ಮಾವ, ಬರುವವರಿದ್ದರು. ಅವರ ಮುಂದೆ ತಲೆ ತಗ್ಗಬಾರದು ಅಂತ ಆ ಗೋಡೆಗೆ ಸಿಮೆಂಟು ಬಳಿಸಿ, ದೊಡ್ಡ ಮನೆಯ ಬಣ್ಣವನ್ನೇ ಹೊಡೆಸಿದ. ಮಣ್ಣಿನ ಗೋಡೆಯೊಳಗಿನ ತೇವ ಹೊರಗೆ ಹೋಗಬೇಕು, ಸಿಮೆಂಟು ಬೇಡ ಅಂತ ಗಾರೆಯವನು ಹೇಳಿದ, ನಾನೂ ಹೇಳಿದೆ. ಕೇಳಲಿಲ್ಲ. ಒಂದು ಗೋಡೆಗೆ ಅಂಗಿ, ಮೂರು ಗೋಡೆ ಬರಿಮೈ.

ಮಳೆ ಹಿಡಿಯಿತು. ಅಂಗಿ ಉಬ್ಬತೊಡಗಿತು. ತಟ್ಟಿದರೆ ಒಳಗೆ ಟೊಳ್ಳು. ಮಗ ಅದರ ಮುಂದೆ ತೆಂಗಿನ ಗರಿ ಒರಗಿಸಿದ.

ಬೀಗರು ಬಂದ ದಿನ ಮಳೆ ಬಿಟ್ಟು ಬಿಸಿಲು ಕಾಯುತ್ತಿತ್ತು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಆಗಲೇ ದೊಪ್ಪನೆ ಸದ್ದಾಯಿತು. ಗರಿಯನ್ನೂ ಕೆಡವಿಕೊಂಡು ಸಿಮೆಂಟು ಹಲಗೆಯಂತೆ ಕಳಚಿ ಬಿತ್ತು. ಒಳಗಿನ ಮಣ್ಣು ಕೆಂಪಗೆ ಕಂಡಿತು. ಬೀಗಿತ್ತಿ ಎದ್ದು ಹೋಗಿ ನೋಡಿದಳು.

“ಏನ್ ಕಣಪ್ಪ, ಮೇಲೆ ಸಿಮೆಂಟು, ಒಳಗೆ ಮಣ್ಣಾ? ನಮಗೆ ಹೆಣ್ಣು ತೋರಿಸ್ದಾಗ್ಲೂ ಹಿಂಗೇ ಬಳ್ದಿದ್ರಾ?”

ಬೀಗರು ನಕ್ಕರು. ಮಗ ನಗಲಿಲ್ಲ. ಅದು ಕಾಯಿ ತುಂಬುವ ಕೋಣೆ ಅಂತ ತೊದಲಿದ. ಅಲ್ಲಿಗೆ ನನಗೆ ಸಾಕಾಯಿತು.

“ಕಾಯಿಗಲ್ಲ ಕಣಮ್ಮ, ನಾನ್ ಮಲಗೋ ಕೋಣೆ. ಬಾ ಒಳಕ್ಕೆ” ಅಂದೆ.

ಬಂದಳು. ಸೂರು ನೋಡಿದಳು, ಗೋಡೆಗೆ ಅಂಗೈ ಒತ್ತಿದಳು. ಸೆರಗಲ್ಲಿ ಕತ್ತು ಒರೆಸಿಕೊಂಡು ನನ್ನ ಮಂಚದ ಮೇಲೆ ಕೂತಳು, ಆಮೇಲೆ ಒರಗಿದಳು. ಮಾತಾಡುತ್ತಾ ಮಾತಾಡುತ್ತಾ ಗೊರಕೆ ಹೊಡೆದಳು. ಎಬ್ಬಿಸಲು ಬೀಗರು ಎರಡು ಸಲ ಬಾಗಿಲಿಗೆ ಬಂದರು. ಅವಳು ಏಳಲಿಲ್ಲ, ಸಂಜೆ ಬಸ್ಸು ಹೋಯಿತು. ಬೀಗರು ಗೊಣಗುತ್ತಾ ಆರ್‌ಸಿಸಿ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದರು. ಊರಿಗೆಲ್ಲ ಮಾತು ಹಬ್ಬುತ್ತದೆ ಅನ್ನುವ ಸಂಕಟ ಮಗನಿಗೆ. ಹಬ್ಬಲಿ. ಮುಚ್ಚಿದ್ದಕ್ಕೇ ಬಿದ್ದದ್ದು.

ಮರುದಿನ ಬೆಳಿಗ್ಗೆ ಬೀಗರಿನ್ನೂ ಮಲಗಿದ್ದಾಗಲೇ ಎದ್ದೆ. ಅಂಟಿಕೊಂಡಿದ್ದ ಸಿಮೆಂಟನ್ನು ಮಚ್ಚಿನ ಹಿಂಬದಿಯಿಂದ ಕೆಡವಿದೆ. ಕೆಮ್ಮಣ್ಣಿಗೆ ಸೆಗಣಿ, ಸಣ್ಣಗೆ ಕತ್ತರಿಸಿದ ತೆಂಗಿನ ನಾರು ಹಾಕಿ ತುಳಿದೆ. ಜನ ಹಾಲು ಹಾಕಲು ಡೇರಿಗೆ ಹೋಗುವ ಹೊತ್ತಿಗೆ ರಸ್ತೆಗೆ ಬೆನ್ನು ಹಾಕಿ ನಿಂತು ಗೋಡೆ ಮೆತ್ತತೊಡಗಿದೆ.