ಹಿಂದಕ್ಕೆ ಹೋದ ಬೋಗುಣಿ

ಹರಿಹರದ ಶಾಲೆಗೆ ಸೇರಿದ ಮೊದಲ ಶನಿವಾರ, ನನ್ನ ಮುಂದೆ ಇಟ್ಟ ಬೋಗುಣಿಯನ್ನು ನನ್ನ ಕೈ ನೋಡಿದ ಮೇಲೆ ಹಿಂದಕ್ಕೆ ಎಳೆದುಕೊಂಡರು. ಒಂದು ವರ್ಷವಾಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಕುಮಟೆಯ ಕಡೆ ಇರುವ ನಿಮಗೆ ಆ ಬೋಗುಣಿಯ ದರ್ಬಾರು ತಿಳಿಯದು. ಇಲ್ಲಿಯವರು ಮಂಡಕ್ಕಿ ಎನ್ನುವುದು ನಮ್ಮ ಚುರುಮುರಿಯನ್ನೇ. ನಮ್ಮಲ್ಲಿ ಅದು ಸಮುದ್ರದ ದಂಡೆಯಲ್ಲಿ ಪೊಟ್ಟಣ ಹಿಡಿದು ತಿನ್ನುವ ಪದಾರ್ಥ. ದಾವಣಗೆರೆ, ಹರಿಹರದ ಕಡೆ ಮಂಡಕ್ಕಿ ಇಲ್ಲದೆ ನಾಲ್ಕು ಜನ ಒಂದು ಕಡೆ ಕೂರುವುದೇ ಇಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನ ಮೇಜಿಗೆ ಹಳೇ ಪೇಪರ್ ಹಾಸುತ್ತಾರೆ. ದೊಡ್ಡ ಸ್ಟೀಲ್ ಬೋಗುಣಿಗೆ ಮಂಡಕ್ಕಿ ಸುರಿದು, ಈರುಳ್ಳಿ, ಕೊತ್ತಂಬರಿ, ಶೇಂಗಾ, ಖಾರದ ಪುಡಿ, ಉಪ್ಪು, ಎಣ್ಣೆ, ಮೇಲೆ ಪುಟಾಣಿ ಪುಡಿ ಹಾಕುತ್ತಾರೆ. ಪುಟಾಣಿ ಎಂದರೆ ಹುರಿಗಡಲೆ. ಇಷ್ಟನ್ನೂ ಒಬ್ಬರು ಬರಿಗೈಯಲ್ಲಿ ಕಲಸುತ್ತಾರೆ, ಉಳಿದವರೆಲ್ಲ ಅದೇ ಬೋಗುಣಿಗೆ ಕೈ ಹಾಕುತ್ತಾರೆ. ಹೊಸದಾಗಿ ಬಂದವರು ಮೊದಲ ಶನಿವಾರ ಕಲಸಬೇಕು. ಕಲಸಿದ ಮೇಲೆ ಅವರು ಆ ಶಾಲೆಯವರಾದಂತೆ.

"ಹೊಸ ಮೇಡಂ ಕಲಸ್ಲಿ ಇವತ್ತು," ಎಂದು ಗಣಿತದ ಬಸವರಾಜಪ್ಪ ಮೇಷ್ಟ್ರು ಬೋಗುಣಿಯನ್ನು ನನ್ನ ಕಡೆ ದೂಡಿದರು. ನಾನು ಕೈ ತೊಳೆದು ಬಂದು, ಸೆರಗು ಸಿಕ್ಕಿಸಿಕೊಂಡು, ಎರಡೂ ಕೈ ಮುಂದೆ ಚಾಚಿದೆ. ಬೆರಳ ಸಂದಿಗಳು ಕೆಂಪಾಗಿದ್ದವು, ಮಣಿಕಟ್ಟಿನ ಹತ್ತಿರ ಚರ್ಮ ದಪ್ಪವಾಗಿ ಬಿರಿದಿತ್ತು. ಅದು ಇಸಬು, ಡಾಕ್ಟರುಗಳು ಎಕ್ಸಿಮಾ ಎನ್ನುತ್ತಾರೆ. ಹನ್ನೆರಡನೇ ವಯಸ್ಸಿನಿಂದ ನನ್ನ ಜೊತೆಗಿದೆ. ಮುಟ್ಟಿದರೆ ಅಂಟುವುದಿಲ್ಲ, ಎಂಜಲಿನಿಂದ ಹರಡುವುದಿಲ್ಲ. ವಿಜ್ಞಾನದ ಟೀಚರಾದ ನಾನು ಅದನ್ನು ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ.

"ಇರ್ಲಿ ಬಿಡ್ರಿ ಮೇಡಂ, ನೀವು ಕೂಡ್ರಿ. ನಾನೇ ಕಲಸ್ತೀನಿ," ಅಂದರು ಮೇಷ್ಟ್ರು. ಬೋಗುಣಿ ಮೇಜಿನ ಆ ತುದಿಗೆ ಹೋಯಿತು. ಕಲಸಿ ಮುಗಿದ ಮೇಲೆ ನನ್ನ ಪಾಲನ್ನು ಬೇರೆ ಪೇಪರಿನಲ್ಲಿ ಹಾಕಿ ನನ್ನ ಮುಂದಿಟ್ಟರು. ಮುಂದಿನ ಶನಿವಾರವೂ ಹಾಗೆಯೇ, ಅದರ ಮುಂದಿನ ಶನಿವಾರವೂ ಹಾಗೆಯೇ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು.

ನನ್ನ ಅಪ್ಪ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿದವರು. ಉಪ್ಪುನೀರಿನಲ್ಲಿ ನಿಂತು ನಿಂತು ಅವರ ಕಾಲು ಬಿರಿದಿತ್ತು, ಉಪ್ಪು ಎಳೆದು ಎಳೆದು ಕೈಯೂ ಒಡೆದಿತ್ತು. ಆ ಕೈಯಲ್ಲಿ ಕಲಸಿದ ಗಂಜಿ ಅನ್ನ, ಬಂಗಡೆ ಸಾರು ತಿಂದು ನಾವು ಮೂರು ಮಕ್ಕಳು ಬೆಳೆದಿದ್ದೇವೆ. ನಮ್ಮ ಕೇರಿಯಲ್ಲಿ ಒಡೆದ ಕೈ ಎಂದರೆ ಕೆಲಸ ಮಾಡುವವರ ಕೈ ಎಂದಷ್ಟೇ ಅರ್ಥ. ಹರಿಹರದಲ್ಲಿ ಅದೇ ಕೈಗೆ ಬೇರೆ ಪೇಪರು ಸಿಕ್ಕಿತು.

ಮನೆಯ ಕಥೆಯನ್ನೂ ಹೇಳುತ್ತೇನೆ. ಹರಿಹರದಲ್ಲಿ ಹೊಂದಿಕೆಯಾಗುವ ಮನೆ ಸಿಗದೆ ದಾವಣಗೆರೆಯ ಶಾಮನೂರಿನಲ್ಲಿ ಹುಡುಕಿದೆ. ನಮ್ಮ ಕಡೆ ಬಾಡಿಗೆಗೆ ಹೋದರೆ ಬಾವಿ ನೀರು ಹೇಗಿದೆ ಎಂದು ನಾವು ಕೇಳುತ್ತೇವೆ. ಇಲ್ಲಿ ಮನೆಯವರೇ ನಮ್ಮನ್ನು ಮೊದಲು ಕೇಳುತ್ತಾರೆ: "ನಾನ್‌ವೆಜ್ ಮಾಡ್ತೀರೇನ್ರಿ?" ಮೂರು ಮನೆಯಲ್ಲಿ ನಿಜ ಹೇಳಿದೆ, ಮೂರೂ ತಪ್ಪಿದವು. ನಾಲ್ಕನೆಯದರಲ್ಲಿ ಇಲ್ಲ ಎಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ನಾನು ನಾಚಿಕೊಳ್ಳುವುದಿಲ್ಲ. ನಲವತ್ತರ ಹೆಂಗಸು ತನ್ನ ಒಲೆಯ ಮೇಲೆ ಏನು ಬೇಯಿಸುತ್ತಾಳೆ ಎಂಬುದಕ್ಕೆ ಜವಾಬು ಕೊಡಬೇಕಾದ ಜಾಗದಲ್ಲಿ ಸುಳ್ಳೇ ಸರಿಯಾದ ಉತ್ತರ.

ಆ ನಾಲ್ಕನೇ ಮನೆಯ ಒಡತಿ ಗೌರಮ್ಮ. ಶಾಮನೂರು ಹಳ್ಳಿಯಾಗಿದ್ದ ಕಾಲದಿಂದ ಇರುವ ಒಕ್ಕಲುತನದ ಮನೆ. ಸುತ್ತ ಲೇಔಟು ಎದ್ದರೂ ಅವರು ಹಿತ್ತಲಿನ ಎರಡು ಎಮ್ಮೆಗಳನ್ನು ಬಿಟ್ಟಿಲ್ಲ. ಮಹಡಿಯ ಮನೆ ನನಗೆ ಕೊಡುವಾಗ ಅವರ ಷರತ್ತು ಎರಡೇ: ಮಾಂಸ ಮೀನು ಕೂಡದು, ಹಾಲು ಅವರಲ್ಲೇ ತೆಗೆದುಕೊಳ್ಳಬೇಕು. "ಪ್ಯಾಕೆಟ್ ಹಾಲು ನಮ್ಮನ್ಯಾಗ ಬ್ಯಾಡ್ರಿ ಮೇಡಂ, ಎಮ್ಮಿ ಕಟ್ಕಂಡು ಅದನ್ನ ನೋಡಾಕ ಆಗಲ್ಲ," ಎಂದರು. ಒಳ್ಳೆಯ ಹೆಂಗಸು. ಮೊದಲ ದಿನವೇ ರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟುಕೊಟ್ಟರು.

ನಮ್ಮ ಊರಿನ ಗಾಳಿಯಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಗೊಣಗುತ್ತೀರಲ್ಲ, ಒಂದು ಚಳಿಗಾಲ ಇಲ್ಲಿಗೆ ಬನ್ನಿ. ಇಲ್ಲಿ ಗಾಳಿ ಬಟ್ಟೆಯನ್ನೂ ಒಣಗಿಸುತ್ತದೆ, ಮೈಯನ್ನೂ ಒಣಗಿಸುತ್ತದೆ. ಬೋರಿನ ಗಡಸು ನೀರು, ಸೀಮೆಸುಣ್ಣದ ಧೂಳು, ದಿನಾ ಎರಡು ಹೊತ್ತು ಹರಿಹರದ ಬಸ್ಸಿನ ಕಂಬಿ. ಕಾರ್ತಿಕ ಕಳೆಯುವಷ್ಟರಲ್ಲಿ ಇಸಬು ಮೊಣಕೈವರೆಗೆ ಏರಿತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಗೆ ತುಂಬುತ್ತಿತ್ತು. ಸಲಹೆಗಳಿಗೆ ಮಾತ್ರ ಬರವಿರಲಿಲ್ಲ. ಬೇವು ಹಚ್ಚಿ ಅಂದರು, ಹರಕೆ ಹೊರಿ ಅಂದರು. ಒಬ್ಬರು ಔಷಧಿ ಅಂಗಡಿಯ ಟ್ಯೂಬಿನ ಹೆಸರು ಬರೆದುಕೊಟ್ಟರು. ಡಾಕ್ಟರ ಚೀಟಿ ಕೇಳದೆ ಅಂಗಡಿಯಲ್ಲಿ ಕೊಟ್ಟೂ ಬಿಟ್ಟರು. ನಾಲ್ಕು ದಿನದಲ್ಲಿ ಕೈ ಹಸುಗೂಸಿನ ಕೈ ಆಯಿತು. ಹಚ್ಚುವುದನ್ನು ಬಿಟ್ಟ ವಾರಕ್ಕೆ ಮೊದಲಿಗಿಂತ ಎರಡರಷ್ಟಾಗಿ ಎದ್ದಿತು.

ಕೊನೆಗೆ ದಾವಣಗೆರೆಯ ಪಿ.ಜೆ. ಬಡಾವಣೆಯ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಆಕೆ ಟ್ಯೂಬನ್ನು ಮೇಜಿನ ಮೇಲೆ ಬಡಿದು ಕೇಳಿದರು: "ಈ ಸ್ಟಿರಾಯ್ಡ್ ಯಾರು ಕೊಟ್ರು ನಿಮಗೆ? ಸೈನ್ಸ್ ಟೀಚರ್ ಅಂತೀರಿ, ಮ್ಯಾಲೆ ಬರ್ದಿರೋದನ್ನ ಓದಲ್ವೇನ್ರಿ?" ಬೈಸಿಕೊಂಡೆ, ನ್ಯಾಯವಾಗಿತ್ತು. ಬೇರೆ ಮುಲಾಮು ಕೊಟ್ಟರು. ಘಾಟಿನ ಸೋಪು ಬಿಡಿಸಿದರು. ಊಟದ ಬಗ್ಗೆ ನಾನೇ ಕೇಳಿದೆ. "ಕೆಲವರಿಗೆ ಕೆಲವು ಪದಾರ್ಥ ಆಗಿಬರಲ್ಲ, ಎಲ್ಲರಿಗೂ ಹಂಗೆ ಅಲ್ಲ. ತಿಂದಿದ್ದು ಬರ್ದಿಡ್ರಿ. ಏನಾರ ಬಿಡೋದಾದ್ರೆ ನನಗೆ ಹೇಳಿ ಬಿಡ್ರಿ, ಮುಲಾಮು ಮಾತ್ರ ನಿಲ್ಲಿಸಬ್ಯಾಡ್ರಿ," ಎಂದರು.

ನಾನು ಬಿಟ್ಟೆ. ಅರ್ಧಂಬರ್ಧ ಬಿಡುವ ಸ್ವಭಾವ ನನ್ನದಲ್ಲ. ಮೀನು, ಮೊಟ್ಟೆ, ಹಾಲು, ಮೊಸರು, ತುಪ್ಪ, ಬೇಕರಿ, ಕರಿದದ್ದು, ಮೈದಾ, ಸಕ್ಕರೆ ಎಲ್ಲವನ್ನೂ ಒಟ್ಟಿಗೇ ಬಿಟ್ಟೆ. ಗಿಡದಿಂದ ಬಂದದ್ದು ಮಾತ್ರ, ಅದೂ ಆದಷ್ಟು ಇಡಿಯಾಗಿ, ಮಿಲ್ಲಿನಲ್ಲಿ ಮೈ ಕಳೆದುಕೊಳ್ಳದೆ ಬಂದದ್ದು. ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು, ಪುಂಡಿಸೊಪ್ಪು, ಗುರೆಳ್ಳಿನ ಪುಡಿ. ಗುರೆಳ್ಳು ಎಂದರೆ ಹುಚ್ಚೆಳ್ಳು, ರೊಟ್ಟಿಗೆ ಅದರ ಪುಡಿ ಇದ್ದರೆ ಬೇರೆ ಏನೂ ಬೇಡ. ಇಷ್ಟು ಒಳ್ಳೆಯ ಕಾಳು ಸೊಪ್ಪು ಬೆಳೆಯುವ ನೆಲದಲ್ಲಿ ಪೇಟೆಯ ಹೋಟೆಲಿಗೆ ಕಾಲಿಟ್ಟರೆ ಬೆಣ್ಣೆ ಇಲ್ಲದ ಒಂದು ತಟ್ಟೆ ಸಿಗುವುದಿಲ್ಲ. ದೋಸೆಗೆ ಬೆಣ್ಣೆ ಬೇಡ ಎಂದೆ ಒಮ್ಮೆ. ಸಪ್ಲೈಯರ್ ಒಳಗೆ ಹೋಗಿ ಇನ್ನೊಬ್ಬನನ್ನು ಕರೆದುಕೊಂಡು ಬಂದ. ಇಬ್ಬರೂ ನನ್ನನ್ನು ನೋಡಿದರು. ಶನಿವಾರದ ಒಂದು ಹಿಡಿ ಮಂಡಕ್ಕಿಯನ್ನು ಮಾತ್ರ ನಾನು ನಿಲ್ಲಿಸಲಿಲ್ಲ. ನನಗಿಟ್ಟ ಪೇಪರನ್ನು ನಾನೇ ತೆಗೆದರೆ ಅವರಿಗೆ ಅನುಕೂಲವಾಗುತ್ತಿತ್ತು.

ಗೌರಮ್ಮನಿಗೆ ಹಾಲು ಬೇಡ ಎಂದದ್ದು ದೊಡ್ಡ ರಾದ್ಧಾಂತವಾಯಿತು. ಮೀನು ತಿನ್ನಬಾರದು ಎಂದ ಮನೆಯಲ್ಲಿ ಈಗ ನನ್ನಷ್ಟು ಸೋಸಿ ತಿನ್ನುವವರು ಇನ್ನೊಬ್ಬರಿರಲಿಲ್ಲ. ಅಂದು ಹೇಳಿದ ಸುಳ್ಳು ತಾನಾಗಿ ನಿಜವಾಗಿತ್ತು, ಆದರೂ ನಾನೇ ತಪ್ಪಿತಸ್ಥೆ. "ನಮ್ಮ ಎಮ್ಮಿ ಹಾಲಿಗೆ ಏನಾಗೈತ್ರಿ?" ಎಂದು ಎಂಟು ದಿನ ಮಾತು ಬಿಟ್ಟರು. ಆಮೇಲೆ ನನಗೆ ಜ್ವರ ಬಂದಾಗ ತಾವೇ ಮೆಟ್ಟಿಲು ಹತ್ತಿ ರೊಟ್ಟಿ, ಬದನೆಕಾಯಿ ಪಲ್ಯ ತಂದುಕೊಟ್ಟರು. ಮೂರು ದಿನ ತಿಂದೆ. ನಾಲ್ಕನೇ ದಿನ ಮೊಣಕೈ ಮತ್ತೆ ಉರಿಯತೊಡಗಿತು. ಪಲ್ಯಕ್ಕೆ ಏನು ಹಾಕಿದಿರಿ ಎಂದು ಕೇಳಿದೆ.

"ಹಾಲು ಬ್ಯಾಡ ಅಂದಿದ್ರಿ, ಹಾಲು ಹಾಕಿಲ್ರಿ. ಬೆಣ್ಣೆ ಅಷ್ಟೇ ಹಾಕೀನಿ. ಜ್ವರ ಬಂದೋರಿಗೆ ಬರೇ ಪಲ್ಯ ಹೆಂಗ ಕೊಡಾದು?"

ನನಗೆ ಕೂಗಾಡಬೇಕೆನಿಸಿತು. ಬೆಣ್ಣೆ ಎಲ್ಲಿಂದ ಬರುತ್ತದೆ ಎಂದು ಎಮ್ಮೆ ಕಟ್ಟಿದವರಿಗೆ ಪಾಠ ಮಾಡಬೇಕಿತ್ತು. ಆದರೆ ಅವರು ನನ್ನ ಬಿರಿದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೆಂದರು. ಈ ಊರಿಗೆ ಬಂದ ಮೇಲೆ ಆ ಕೈಯನ್ನು ಹಿಡಿದವರು ಡಾಕ್ಟರ್ ಬಿಟ್ಟರೆ ಅವರೊಬ್ಬರೇ. ಅವರು ಮೆಟ್ಟಿಲಿಳಿದ ಮೇಲೆ, ತಿಂದದ್ದನ್ನು ಬರೆದಿಡುತ್ತಿದ್ದ ಪುಸ್ತಕದಲ್ಲಿ ಬೆಣ್ಣೆ ಎಂದು ಬರೆದುಕೊಂಡೆ.

ಯುಗಾದಿ ಬರುವಷ್ಟರಲ್ಲಿ ತುರಿಕೆ ಇಳಿಯಿತು, ರಾತ್ರಿ ನಿದ್ದೆ ಹತ್ತತೊಡಗಿತು, ಕೈಯ ಚರ್ಮ ಮೆತ್ತಗಾಯಿತು. ಇದು ಊಟದಿಂದಲೋ, ಮುಲಾಮಿನಿಂದಲೋ, ಸೋಪು ಬಿಟ್ಟದ್ದರಿಂದಲೋ, ಚಳಿಗಾಲ ಮುಗಿದದ್ದರಿಂದಲೋ ನಾನು ಹೇಳಲಾರೆ. ಒಂದೇ ಸಲ ನಾಲ್ಕು ಬದಲಾವಣೆ ಮಾಡುವ ಪ್ರಯೋಗಕ್ಕೆ ನನ್ನ ತರಗತಿಯ ಮಕ್ಕಳಿಗೆ ನಾನು ಸೊನ್ನೆ ಕೊಡುತ್ತೇನೆ. ಆದರೆ ನನ್ನ ಪುಸ್ತಕದಲ್ಲಿ ಬೆಣ್ಣೆಯ ಮೂರು ದಿನವೂ ಬರೆದಿದೆ, ಅದರ ಪಕ್ಕದ ಉರಿಯೂ ಬರೆದಿದೆ. ಡಾಕ್ಟರ್ ಅದನ್ನು ನೋಡಿ, ಹೀಗೇ ನಡೆಸಿ ಎಂದರು. ಹಾಲು, ಮೀನು ಬಿಟ್ಟವಳಿಗೆ ಬೇಕೆಂದು ಬಿ ಹನ್ನೆರಡರ ಮಾತ್ರೆಯನ್ನೂ ಬರೆದುಕೊಟ್ಟರು. ಗುಣವಾಯಿತು ಎಂದು ಮಾತ್ರ ಅವರು ಹೇಳಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಬಂದೆ. ನಿಮ್ಮಲ್ಲಿ ಕೆಲವರು ನನ್ನನ್ನು ಕಂಡಿರಿ, ಬಡವಾಗಿದ್ದಾಳೆ ಎಂದಿರಿ. ಘಟ್ಟದ ಮೇಲಿನವರ ಸಹವಾಸದಿಂದ ಮೀನು ಬಿಟ್ಟಳು ಎಂದೂ ಅಂದಿರಂತೆ. ಮೀನು ತಿನ್ನುವವಳು ಎಂದು ಅವರು ಮನೆ ಕೊಡಲಿಲ್ಲ, ಮೀನು ಬಿಟ್ಟವಳು ಎಂದು ನೀವು ಮೂಗು ಮುರಿದಿರಿ. ಇಬ್ಬರೂ ನನ್ನ ಕೈ ನೋಡುವುದಕ್ಕಿಂತ ಹೆಚ್ಚಾಗಿ ನನ್ನ ತಟ್ಟೆ ನೋಡಿದ್ದೀರಿ. ಅಮ್ಮ ನನಗೆಂದು ಹೊಸ ಪಾತ್ರೆ ಕೊಂಡಿದ್ದಳು. "ನಿಂಗೆ ಬೇರೆಯೇ ಬೇಯ್ಸಿದ್ದೆ ಮಗಾ, ಮೀನಿನ ಸೌಟೂ ತಾಗ್ಸಲಿಲ್ಲ," ಎಂದಳು. ಪ್ರೀತಿಯಿಂದಲೇ ಮಾಡಿದ್ದಳು. ಅಪ್ಪ ಇಲ್ಲದ ಆ ಮನೆಯಲ್ಲಿ ಎಲ್ಲರೂ ಒಂದು ಪಾತ್ರೆಯಿಂದ ಬಡಿಸಿಕೊಂಡರು, ನಾನು ಇನ್ನೊಂದರಿಂದ. ಹರಿಹರದ ಬೇರೆ ಪೇಪರಿಗೆ ಸಿಟ್ಟು ಬಂದ ಹಾಗೆ ಅಮ್ಮನ ಬೇರೆ ಪಾತ್ರೆಗೆ ಸಿಟ್ಟು ಬರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಗಿ ಮೊದಲ ಶನಿವಾರ ಬಂತು. ಬಸವರಾಜಪ್ಪ ಮೇಷ್ಟ್ರು ಈರುಳ್ಳಿ ಹೆಚ್ಚಿ ಮುಗಿಸಿ, ನನ್ನ ಕೈಗಳನ್ನು ಒಮ್ಮೆ ನೋಡಿ, ಬೋಗುಣಿಯನ್ನು ನನ್ನ ಮುಂದೆ ದೂಡಿದರು. "ಹೋದ ವರ್ಷದ್ದು ನಿಮ್ದು ಬಾಕಿ ಐತೆ ಮೇಡಂ. ಕಲಸ್ರಿ."

ಒಂದು ವರ್ಷದಿಂದ ಈ ಗಳಿಗೆಗೆ ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಕಲಸುವುದಿಲ್ಲ ಎನ್ನಬೇಕೆಂದಿದ್ದೆ. ಬದಲಿಗೆ ಎಡಗೈ ಎತ್ತಿ ಕಿರುಬೆರಳ ಸಂದಿಯನ್ನು ಎಲ್ಲರಿಗೂ ಕಾಣುವ ಹಾಗೆ ಬಿಡಿಸಿ ಹಿಡಿದೆ. ಹೊಸ ಸೀಮೆಸುಣ್ಣಕ್ಕೆ ಅಲ್ಲಿ ಒಂದು ಬಿರುಕು ಮತ್ತೆ ಬಿಟ್ಟಿತ್ತು.

"ಇದು ಹೋಗಿಲ್ಲ ಸರ್. ಬರ್ತಾ ಹೋಗ್ತಾ ಇರುತ್ತೆ. ಅಂಟೋದಿಲ್ಲ, ಹೋದ ವರ್ಷವೂ ಅಂಟ್ತಾ ಇರಲಿಲ್ಲ. ಈಗ ಹೇಳಿ, ಕಲಸಲೋ ಬೇಡವೋ?"

ಮೇಷ್ಟ್ರ ಮುಖ ಕೆಂಪಾಯಿತು. "ಅವತ್ತು ಖಾರಕ್ಕೆ ನಿಮ್ಮ ಕೈ ಉರಿತೈತೆ ಅಂತ ಎಳ್ಕಂಡಿದ್ದೆ ಮೇಡಂ," ಅಂದರು. ಅದು ಸುಳ್ಳಿರಲಿಕ್ಕಿಲ್ಲ ಎಂದು ನನಗೆ ಒಂದು ಕ್ಷಣ ಅನ್ನಿಸಿತು.

"ಹಾಗಾದರೆ ಬೇರೆ ಪೇಪರ್ ಯಾಕೆ ಸರ್? ಪೇಪರಿನಲ್ಲಿ ತಿಂದರೆ ಕೈ ಉರಿಯುವುದಿಲ್ಲವೇ?"

ಹಿಂದಿಯ ನಸೀಮಾ ಟೀಚರ್ ಎದ್ದು, ಮೇಜಿನ ಮೇಲೆ ಮಡಚಿಟ್ಟಿದ್ದ ನನ್ನ ಪಾಲಿನ ಪೇಪರನ್ನು ತೆಗೆದು ಕಸದ ಬುಟ್ಟಿಗೆ ಹಾಕಿ ಬಂದು ಕೂತರು. "ಕಲಸ್ರಿ ಮೇಡಂ, ಹಸಿವಾಗೈತೆ," ಎಂದರು. ಒಂದು ವರ್ಷ ಆಕೆಯೂ ಆ ಪೇಪರನ್ನು ನೋಡುತ್ತ ಕೂತಿದ್ದವರೇ. ಅದನ್ನು ನಾನು ಮರೆತಿಲ್ಲ.

ಎರಡೂ ಕೈ ಬೋಗುಣಿಗೆ ಹಾಕಿದೆ. ಖಾರ ಬಿರುಕಿಗೆ ತಾಗಿ ಕಣ್ಣಿನಲ್ಲಿ ನೀರು ಬಂತು. ಈರುಳ್ಳಿಯದು ಎಂದುಕೊಂಡಿರಬೇಕು ಅವರು. ಅಡಿಯಿಂದ ಮೇಲಕ್ಕೆ, ಮೇಲಿನಿಂದ ಅಡಿಗೆ ಕಲಸಿದೆ. ಅಪ್ಪ ಅನ್ನ ಕಲಸುತ್ತಿದ್ದದ್ದು ಹಾಗೆ. ಉಪ್ಪು ನೋಡಿ ಹಾಕಿದೆ, ಬೋಗುಣಿಯನ್ನು ಮೇಜಿನ ನಡುವೆ ಇಟ್ಟೆ. ಒಬ್ಬೊಬ್ಬರಾಗಿ ಕೈ ಹಾಕಿದರು. ಬಸವರಾಜಪ್ಪ ಮೇಷ್ಟ್ರು ಒಂದು ಹಿಡಿ ತೆಗೆದುಕೊಂಡು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕೂತು, ಆಮೇಲೆ ಬಾಯಿಗೆ ಹಾಕಿಕೊಂಡರು. ನಾನು ಅವರನ್ನೇ ನೋಡುತ್ತಿದ್ದೆ. ನಿಧಾನವಾಗಿ ಅಗಿದು ನುಂಗಿದರು.

"ಉಪ್ಪು ಒಂಚೂರು ಕಡಿಮಿ ಆಗೈತೆ ಮೇಡಂ," ಅಂದರು.

ಅಲ್ಲಿದ್ದವರೆಲ್ಲ ಹೌದು ಹೌದು ಎಂದು ನಕ್ಕರು, ಮತ್ತೆ ಕೈ ಹಾಕಿದರು. ಆ ಶಾಲೆಯವಳಾದೆ ಎಂದು ನನಗೂ ಗೊತ್ತಾಯಿತು. ಆದರೆ ನಾನು ಉಪ್ಪು ಸೇರಿಸಲಿಲ್ಲ. ಉಪ್ಪು ಸರಿಯಾಗಿಯೇ ಇತ್ತು. ಉಪ್ಪು ಎಷ್ಟಿರಬೇಕು ಎಂದು ಸಾಣಿಕಟ್ಟೆಯವಳಿಗೆ ಹರಿಹರದವರು ಹೇಳಿಕೊಡಬೇಕಿಲ್ಲ.